ಬಾಗಿಲಪ್ಪನ ಮೊಣಕಾಲು

ದೊಡ್ಡ ಸಾಹೇಬರ ಮಹಡಿ ಕೋಣೆಯ ಕುರ್ಚಿ ಮೆತ್ತಗಿತ್ತು, ಬಾಗಿಲಪ್ಪನಿಗೆ ಮೊದಲು ಹಿಡಿಸದೇ ಹೋದದ್ದು ಅದೇ. ಮೂವತ್ತೊಂದು ವರ್ಷ ನಿಂತೇ ದುಡಿದವನನ್ನು ಹೀಗೆ ಕೂರಿಸಿ, ಮುಂದೆ ಕಾಫಿ ಇಟ್ಟು, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದು ವಿಚಾರಿಸುತ್ತಾರೆಂದರೆ ಎಲ್ಲೋ ಕತ್ತಿ ಮಸೆಯುತ್ತಿದ್ದಾರೆ ಎಂದೇ ಅರ್ಥ. ಗಾಜಿನ ಗೋಡೆಯಾಚೆ ಕೆಳಗೆ ಕಾರ್ಖಾನೆಯ ಗೇಟು ಕಾಣುತ್ತಿತ್ತು. ಗೇಟಿನ ಒಳಗೆ ನೆಲದ ಮೇಲೆ ಕೂತಿದ್ದ ನಾನೂರು ಮಂದಿ ಕಾರ್ಮಿಕರ ಮುಖಗಳು ಈ ಕಡೆಗೇ ತಿರುಗಿದ್ದವು.

ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು. ಕಾರಿಗೆ ಬಾಗಿಲು ಕೂರಿಸಿ ಕೂರಿಸಿ ಎಲ್ಲರ ಬಾಯಲ್ಲಿ ಬಾಗಿಲಪ್ಪನಾಗಿದ್ದ. ತಿಂಗಳ ಕೊನೆಗೆ ಈ ಕಾರ್ಖಾನೆಗೆ ಬೀಗ ಎಂದು ಕಂಪನಿ ಸಾರಿಯಾಗಿತ್ತು. ಕೂಲಿ ಅಗ್ಗವಿರುವ ಕಡೆ ಹೊಸದೊಂದು ಕಾರ್ಖಾನೆ ಎದ್ದಿತ್ತು, ಇಲ್ಲಿಯ ಯಂತ್ರಗಳು ಒಂದೊಂದಾಗಿ ಮರದ ಪೆಟ್ಟಿಗೆ ಸೇರುತ್ತಿದ್ದವು. ಆದರೆ ಆ ಹೊಸ ಕಾರ್ಖಾನೆಯಲ್ಲಿ ಬಾಗಿಲು ಕೂರುತ್ತಿಲ್ಲ. ಹಾಕಿದ ದಿನ ನೆಟ್ಟಗೆ ಇರುತ್ತದೆ, ನಾಲ್ಕು ದಿನ ಕಳೆದರೆ ಜೋತುಬೀಳುತ್ತದೆ. ಈ ಸುದ್ದಿ ಕಿವಿಗೆ ಬಿದ್ದ ದಿನ ಕಾರ್ಮಿಕ ಸಂಘದ ಕಾರ್ಯದರ್ಶಿ ಆರು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದ. ಅವನು ಬಾಗಿಲಪ್ಪನ ಹೆಂಡತಿಯ ತಮ್ಮ. ಅಲ್ಲಿಯ ಬಾಗಿಲು ಸರಿಹೋಗುವವರೆಗೆ, ಕನಿಷ್ಠ ಎರಡು ವರ್ಷವಾದರೂ, ಇಲ್ಲಿಯ ಕೆಲಸ ನಿಲ್ಲಿಸುವಂತಿಲ್ಲ ಎಂದು ಬರೆದುಕೊಡಿ ಎಂದು ಅವನು ಪಟ್ಟು ಹಿಡಿದಿದ್ದ. ಕಂಪನಿಯೂ ಬೇರೆ ದಾರಿ ಕಾಣದೆ, ನಾಳೆ ಮಾತಾಡೋಣ ಎನ್ನುವಷ್ಟು ಬಗ್ಗಿತ್ತು.

"ಭಾವ, ಅವರು ಏನೇ ಕೇಳಲಿ, ನಕ್ಷೆಲಿ ಇರೋ ಹಾಗೇ ಮಾಡ್ತೀವಿ ಅನ್ನಿ, ಅಷ್ಟೇ," ಎಂದು ಬೆಳಿಗ್ಗೆ ಭಾವಮೈದುನ ಕೈ ಹಿಡಿದು ಹೇಳಿದ್ದ. "ನಮ್ಮ ಹತ್ರ ಉಳಿದಿರೋದು ನಿಮ್ಮ ಮೊಣಕಾಲು ಒಂದೇ."

"ಬಾಯಿಗೆ ಬೀಗ ಹಾಕ್ಕೊಂಡೇ ಹೋಗ್ತಿದೀನಿ ಬಿಡಯ್ಯಾ. ನಿಮ್ಮಕ್ಕನ್ನ ಕೇಳು, ಮನೇಲಿ ನಾನು ಬಾಯಿ ಬಿಡೋದೇ ಊಟಕ್ಕೆ."

ಮೊಣಕಾಲಿನ ಗುಟ್ಟು ಸಣ್ಣದು. ಕೀಲಿನ ತಿರುಪು ಬಿಗಿಯುವಾಗ ಬಾಗಿಲಿನ ತುದಿಯ ಅಡಿಗೆ ಮೊಣಕಾಲು ಕೊಟ್ಟು ಒಂದು ಅಕ್ಕಿಕಾಳಿನಷ್ಟು ಎತ್ತಿ ಹಿಡಿಯಬೇಕು. ಮುಂದೆ ಗಾಜು, ರಬ್ಬರು, ಬೀಗ ಎಲ್ಲ ಸೇರಿ ಭಾರ ಬಿದ್ದಾಗ ಬಾಗಿಲು ತಾನಾಗಿ ಇಳಿದು ಸರಿಯಾದ ಮಟ್ಟಕ್ಕೆ ಬರುತ್ತದೆ. ಇದು ನಕ್ಷೆಯಲ್ಲಿಲ್ಲ. ಹಳೆಯ ಮೇಸ್ತ್ರಿ ಅವನಿಗೆ ಬೈದು ಕಲಿಸಿದ್ದು, ಅವನು ಉಳಿದವರಿಗೆ ಬೈದು ಕಲಿಸಿದ್ದು. ತಪಾಸಣೆಯವರು ಬಂದರೆ ಮೊಣಕಾಲು ಇಳಿಸಿ ಸಾಧುವಿನ ಹಾಗೆ ನಿಲ್ಲುವುದು ಇಲ್ಲಿಯ ರೂಢಿ.

ದೊಡ್ಡ ಸಾಹೇಬರು ಮೂರು ಸಲ ಕೇಳಿದರು. ಮೂರು ಸಲವೂ ಬಾಗಿಲಪ್ಪ, "ನಕ್ಷೆಲಿ ಇರೋ ಹಾಗೇ ಸಾರ್," ಎಂದ. ಒಳಗೊಳಗೇ ಖುಷಿಯಾಗುತ್ತಿತ್ತು.

ಪಕ್ಕದಲ್ಲಿದ್ದ ಎಂಜಿನಿಯರ್ ಒಂದು ಹಾಳೆ ಸರಿಸಿದ. "ಇವರನ್ನ ಕೇಳಿ ಪ್ರಯೋಜನ ಇಲ್ಲ ಸಾರ್. ಇಲ್ಲಿ ನೋಡಿ, ಗಾಜು ಹಾಕೋ ಮುಂಚೆ ಅಳತೆ ತಗೊಂಡಿದೀನಿ. ಒಂದು ಬಾಗಿಲೂ ನೆಟ್ಟಗಿಲ್ಲ. ಎಲ್ಲಾ ಮೂರು ಮಿಲಿಮೀಟರ್ ಮೇಲೆ."

ಸಾಹೇಬರು ಹಾಳೆ ನೋಡಿ ನಿಟ್ಟುಸಿರುಬಿಟ್ಟರು. "ನಾನು ಆಡಳಿತ ಮಂಡಳಿಗೆ ಹೇಳಿದ್ದೂ ಇದನ್ನೇ. ಇಲ್ಲಿ ಕೈಕೆಲಸ ಕೆಟ್ಟು ಎಷ್ಟೋ ಕಾಲ ಆಯ್ತು. ಇಷ್ಟು ವರ್ಷ ಡೊಂಕು ಬಾಗಿಲು ಹಾಕ್ಕೊಂಡೇ ಬಂದಿದಾರೆ. ಪಾಪ, ಇವರ ತಪ್ಪೂ ಅಲ್ಲ, ಕಲಿಸಿದೋರ ತಪ್ಪು."

ಬಾಗಿಲಪ್ಪನ ಕಿವಿ ಬಿಸಿಯಾಯಿತು. ಸತ್ತು ಹದಿನೈದು ವರ್ಷವಾಗಿದ್ದ ಮೇಸ್ತ್ರಿಯನ್ನು ಈ ಕೋಣೆಗೆ ಎಳೆತಂದು ಉಗಿದಂತಾಗಿತ್ತು. ತನಗೆ ಬೈದಿದ್ದರೆ ನುಂಗಿಕೊಳ್ಳುತ್ತಿದ್ದನೇನೋ.

"ಡೊಂಕಾ? ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ! ನಿಮ್ಮ ಬಾಗಿಲು ಜೋತುಬೀಳೋದು ಯಾಕೆ ಅಂತ ಇನ್ನೂ ತಲೆಗೆ ಹೋಗ್ಲಿಲ್ವಾ? ಆ ಮೂರು ಮಿಲಿಮೀಟರ್ ತಪ್ಪಲ್ಲ ಸ್ವಾಮಿ, ಬೇಕು ಅಂತ್ಲೇ ಬಿಡೋದು. ಬನ್ನಿ ಇಲ್ಲಿ."

ಎಂಜಿನಿಯರನ ತೋಳು ಹಿಡಿದು ಕೋಣೆಯ ಗಾಜಿನ ಬಾಗಿಲಿನ ಹತ್ತಿರ ಎಳೆದುಕೊಂಡು ಹೋದ. ಅದರ ಹಿಡಿಕೆಯ ಕೆಳಗೆ ಮೊಣಕಾಲು ಕೊಟ್ಟ. "ಹೀಗೆ. ಒಂದು ಅಕ್ಕಿಕಾಳಿನಷ್ಟು. ಆಮೇಲೆ ಬಿಗೀಬೇಕು. ಭಾರ ಬಿದ್ದಾಗ ಅದೇ ಇಳಿದು ಕೂರುತ್ತೆ. ನಮ್ಮ ಮೇಸ್ತ್ರಿ ಓದಿದ್ದು ನಾಲ್ಕನೇ ಕ್ಲಾಸು, ಗೊತ್ತಾ?"

ಸಾಹೇಬರು ಒಂದೇ ಒಂದು ಸಾಲು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದರು.

"ತುಂಬಾ ಉಪಕಾರವಾಯ್ತು," ಎಂದರು. "ಕಾಫಿ ಆರಿಹೋಯ್ತು ನೋಡಿ. ಬೇರೆ ತರಿಸಲಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನಿಗೆ ಅದು ತಿಳಿದದ್ದು ಮೆಟ್ಟಿಲ ಮೇಲೆ. ಕಂಬಿ ಹಿಡಿದು ನಿಂತುಬಿಟ್ಟ. ನಾನೂರು ಮನೆ. ಹೊಗಳಿಕೆಗಲ್ಲ, ಕಾಸಿಗಲ್ಲ, ಬರೀ ಸಿಟ್ಟಿಗೆ ಕೊಟ್ಟುಬಿಟ್ಟೆನಲ್ಲ. ಕಣ್ಣಲ್ಲಿ ನೀರು ಬಂತು.

ಆ ಕಣ್ಣನ್ನೇ ಭಾವಮೈದುನ ಮೊದಲು ಕಂಡದ್ದು. ಓಡಿಬಂದು ಎರಡೂ ಭುಜ ಹಿಡಿದ.

"ಬೆದರಿಸಿದ್ರಾ ಭಾವ? ಏನೇನಂದ್ರು?"

"ಮೇಸ್ತ್ರೀನ ಅಂದ್ರು ಕಣೋ..." ಮುಂದಿನದನ್ನು ಹೇಳಲು ಭಾವಮೈದುನ ಬಿಡಲಿಲ್ಲ.

"ಅಂದ್ಕೊಳ್ಳಲಿ ಬಿಡಿ! ಕೈಲಾಗದೋನು ಮೈ ಪರಚ್ಕೊಂಡ." ಅವನು ಜನರ ಕಡೆ ತಿರುಗಿ ಕೂಗಿದ. "ನೋಡ್ರಪ್ಪಾ! ಎಷ್ಟು ಅಂದ್ರೂ ನಮ್ಮ ಭಾವ ಬಾಯಿ ಬಿಟ್ಟಿಲ್ಲ!"

"ಇಲ್ಲ ಕಣೋ, ಕೇಳಿಲ್ಲಿ, ನಾನು..."

ಅದು ಯಾರಿಗೂ ಕೇಳಿಸಲಿಲ್ಲ. ನಾನೂರು ಗಂಟಲು ಒಟ್ಟಿಗೆ ಜೈಕಾರ ಹಾಕಿದವು. ಯಾರೋ ಸೊಂಟ ಹಿಡಿದರು, ಯಾರೋ ಕಾಲು ಹಿಡಿದರು, ಬಣ್ಣದ ವಿಭಾಗದ ದಾಂಡಿಗನೊಬ್ಬ ಅವನನ್ನು ಹೆಗಲ ಮೇಲೆ ಎತ್ತಿಕೊಂಡ. ಕ್ಯಾಂಟೀನಿನ ಅಜ್ಜಿ ಕೆಳಗಿನಿಂದ ಅವನ ಸವೆದ ಮೊಣಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಳಿಸಿ, ಇಳಿಸಿ ಎಂದು ಅವನು ಬೇಡಿಕೊಂಡಷ್ಟೂ ಅವರು ಮೇಲಕ್ಕೆ ಎತ್ತಿದರು.

ಅಷ್ಟು ಎತ್ತರದಿಂದ ಅವನಿಗೆ ಮಹಡಿಯ ಕೋಣೆ ಚೆನ್ನಾಗಿ ಕಂಡಿತು. ಅಲ್ಲಿ ಎಂಜಿನಿಯರ್ ಅಂಗಿಯ ತೋಳು ಮಡಚಿ ಗಾಜಿನ ಬಾಗಿಲಿನ ಮುಂದೆ ಒಂಟಿಕಾಲಿನಲ್ಲಿ ನಿಂತಿದ್ದ. ಮೊಣಕಾಲನ್ನು ಹಿಡಿಕೆಯ ಕೆಳಗೆ ಇಟ್ಟ, ಸರಿಬರಲಿಲ್ಲ, ತೆಗೆದ. ಸ್ವಲ್ಪ ಈಚೆಗೆ ಸರಿದು ಮತ್ತೆ ಇಟ್ಟ.