ನುಣುಪಾದ ಶ್ವಾಸಕೋಶ

ಆಸ್ಪತ್ರೆಯ ಆಡಳಿತಾಧಿಕಾರಿಗೆ ಒಂದೇ ಕೊರಗು. ತಮ್ಮ ಸಿಟಿ ಸ್ಕ್ಯಾನಿನ ಚಿತ್ರಗಳು ಎದುರು ರಸ್ತೆಯ ಆಸ್ಪತ್ರೆಯ ಚಿತ್ರಗಳಷ್ಟು ಚೆಂದವಿಲ್ಲ. ಕಾಯಿಲೆ ಕಂಡರೆ ಸಾಲದು, ಅದು ಅಂದವಾಗಿಯೂ ಕಾಣಬೇಕು ಎಂಬುದು ಅವರ ಸಿದ್ಧಾಂತ. ಹಾಗಾಗಿ ಎರಡು ತಿಂಗಳ ಹಿಂದೆ ಚಿತ್ರದ ಮೇಲಿನ ತರಿತರಿಯನ್ನು ಅಳಿಸುವ ಸಾಫ್ಟ್‌ವೇರ್ ಒಂದನ್ನು ತರಿಸಿ, ಅದರ ಗುಂಡಿಯನ್ನು ಪೂರ್ತಿ ಕೊನೆಗೆ ಎಳೆಸಿ, ಸ್ಕ್ಯಾನ್ ಕೋಣೆಯ ಬಾಗಿಲಿಗೆ ಸುತ್ತೋಲೆ ಅಂಟಿಸಿದರು: ಇದನ್ನು ಯಾರೂ ಮುಟ್ಟತಕ್ಕದ್ದಲ್ಲ.

ಈ ‘ಯಾರೂ’ ಎಂದರೆ ಹಗಲು ಪಾಳಿಯ ಟೆಕ್ನಿಷಿಯನ್ ಒಬ್ಬಳೇ. ಹನ್ನೊಂದು ವರ್ಷದಿಂದ ಆ ಯಂತ್ರದ ಜೊತೆ ಏಗುತ್ತಿದ್ದವಳು ಸುಮ್ಮನಿರದೆ ಹೇಳಿ ನೋಡಿದಳು.

“ಸರ್, ಇದು ಪ್ರತಿ ಚುಕ್ಕೆನೂ ಅಕ್ಕಪಕ್ಕದ ಚುಕ್ಕೆಗಳ ಹಾಗೇ ಮಾಡ್ಬಿಡುತ್ತೆ. ತರಿ ಹೋಗುತ್ತೆ, ನಿಜ. ಆದ್ರೆ ಒಳಗೆ ಚಿಕ್ಕ ಗಂಟೇನಾದ್ರೂ ಇದ್ರೆ ಅದೂ ಹೋಗ್ಬಿಡುತ್ತೆ.”

“ಗಂಟು ಹೋದ್ರೆ ಒಳ್ಳೇದೇ ಅಲ್ವೇನಮ್ಮ?” ಎಂದರು ಸಾಹೇಬರು.

ದಿನಕ್ಕೆ ಅರವತ್ತು ಸ್ಕ್ಯಾನ್ ನೋಡಿ ಕಣ್ಣು ಕೆಂಪಾಗಿಸಿಕೊಳ್ಳುತ್ತಿದ್ದ ರಿಪೋರ್ಟ್ ಬರೆಯುವ ಡಾಕ್ಟರಿಗೂ ಆ ನುಣುಪು ಹಿಡಿಸಿಬಿಟ್ಟಿತು. ಟೆಕ್ನಿಷಿಯನ್ನಿಗೆ ಕೆಲಸ ಬೇಕಿತ್ತು, ಬಾಯಿಗೆ ಬೀಗ ಹಾಕಿಕೊಂಡಳು.

ಅಷ್ಟರಲ್ಲಿ ಅವಳ ಮಾವನಿಗೆ ಬಿಡದ ಕೆಮ್ಮು ಶುರುವಾಯಿತು. ಮಾವ ಅರ್ಧ ಆಯುಷ್ಯವನ್ನು ತಮ್ಮ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಳೆದವರು. ಮೊನಚು ಪೆನ್ಸಿಲ್ ಹಿಡಿದು ನೆಗೆಟಿವ್‌ಗಳ ಮೇಲೆ ಊರಿನವರ ಮೊಡವೆ, ಸುಕ್ಕುಗಳನ್ನೆಲ್ಲ ಇಲ್ಲವಾಗಿಸಿದವರು. ಸೊಸೆ ಮಾಡುವುದೂ ಫೋಟೋ ತೆಗೆಯುವ ಕೆಲಸವೇ ಎಂದು ಅವರು ಒಪ್ಪಿದ್ದೇ ಇಲ್ಲ. ಮುಖವಿಲ್ಲದ ಮೇಲೆ ಅದೆಂಥ ಫೋಟೋ?

ಸೋಮವಾರ ಅವಳೇ ಅವರ ಎದೆಯ ಸ್ಕ್ಯಾನ್ ತೆಗೆದಳು. ಬುಧವಾರ ಸಂಜೆ ರಿಪೋರ್ಟ್ ಬಂತು: ಏನೂ ತೊಂದರೆಯಿಲ್ಲ. ಅವಳ ಗಂಡ ನಿರಾಳನಾದ. ಮಾವ ಮಾತ್ರ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಬಹಳ ಹೊತ್ತು ನೋಡಿದರು.

“ಇದು ಟಚಿಂಗ್ ಮಾಡಿರೋ ಫೋಟೋ ಕಣಮ್ಮ.”

“ಹಾಗೇನಿಲ್ಲ ಮಾವ...”

“ನನಗೇ ಹೇಳ್ತೀಯಾ? ಎಪ್ಪತ್ತೊಂದು ವರ್ಷದ ಮುದುಕನ ಶ್ವಾಸಕೋಶ ಮದುಮಗಳ ಕೆನ್ನೆ ಹಾಗಿದೆ! ಮೊಡವೆ ತೆಗೆಯೋಕೆ ಹೋಗಿ ಎಷ್ಟು ಜನರ ಮಚ್ಚೆ ನುಂಗಿ ನೀರು ಕುಡಿದಿದೀನಿ ನಾನು. ಒಬ್ಬ ತಾಯಂತೂ ಇದು ನನ್ನ ಮಗಳೇ ಅಲ್ಲ ಅಂತ ಜಗಳಕ್ಕೇ ಬಂದಿದ್ಲು.”

ಸೊಸೆ ಫಿಲ್ಮನ್ನು ತೆಗೆದುಕೊಂಡು ತಾನೂ ಬೆಳಕಿಗೆ ಹಿಡಿದಳು. ಎರಡು ತಿಂಗಳ ಹಿಂದೆ ತಾನೇ ಆಡಿ, ತಾನೇ ನುಂಗಿಕೊಂಡ ಮಾತು ಅದು.

ದಾರಿ ಒಂದಿತ್ತು. ಸಿಟಿ ಯಂತ್ರ ನೇರವಾಗಿ ಚಿತ್ರ ತೆಗೆಯುವುದಿಲ್ಲ. ಮೈಯ ಸುತ್ತ ಸುತ್ತಿ ಸಾವಿರ ಕಡೆಯಿಂದ ನೆರಳುಗಳನ್ನು ಹಿಡಿಯುತ್ತದೆ. ಕಂಪ್ಯೂಟರು ಆಮೇಲೆ ಲೆಕ್ಕ ಹಾಕಿ, ಆ ನೆರಳುಗಳಿಂದ ಒಳಗಿನ ಹೋಳುಗಳ ಚಿತ್ರ ಕಟ್ಟುತ್ತದೆ. ನೆರಳುಗಳು ಉಳಿದಿರುವ ತನಕ ಚಿತ್ರವನ್ನು ಬೇರೆ ರೀತಿಯಲ್ಲಿ ಮತ್ತೆ ಕಟ್ಟಬಹುದು. ಆದರೆ ಯಂತ್ರದ ಹೊಟ್ಟೆ ಚಿಕ್ಕದು, ಮೂರು ದಿನಕ್ಕೆ ಹಳಬರ ನೆರಳಿನ ಮೇಲೆ ಹೊಸಬರದು ಬಂದು ಕೂರುತ್ತದೆ. ಮಾವನ ನೆರಳಿಗೆ ಗುರುವಾರ ಮಧ್ಯಾಹ್ನದವರೆಗೆ ಮಾತ್ರ ಆಯುಷ್ಯ.

ಗುರುವಾರ ಬೆಳಿಗ್ಗೆ, ಮೊದಲ ರೋಗಿ ಬರುವ ಮುಂಚೆಯೇ, ಅವಳು ಮುಟ್ಟಬಾರದ ಗುಂಡಿಯನ್ನು ಮುಟ್ಟಿ ಹಿಂದಕ್ಕೆ ಎಳೆದಳು. ಹೋಳುಗಳನ್ನು ತೆಳ್ಳಗೆ ಮಾಡಿ ಮತ್ತೆ ಲೆಕ್ಕ ಹಾಕಿಸಿದಳು. ಮರಳು ಎರಚಿದ ಹಾಗೆ ಕೊಳಕು ಚಿತ್ರ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಮಂಕು ಚುಕ್ಕೆ, ಬಟಾಣಿಗಿಂತ ಚಿಕ್ಕದು. ಹೋಳುಗಳನ್ನು ಮೇಲೆ ಕೆಳಗೆ ಓಡಿಸಿದಳು. ತರಿಯಾದರೆ ಒಂದೊಂದು ಹೋಳಿನಲ್ಲಿ ಒಂದೊಂದು ಕಡೆ ಕುಣಿಯುತ್ತದೆ. ಇದು ಐದು ಹೋಳುಗಳಲ್ಲೂ ಕೂತ ಜಾಗ ಬಿಟ್ಟು ಕದಲಲಿಲ್ಲ. ಅವಳಿಗೆ ಅಳು ಬಂತು.

ಡಾಕ್ಟರು ನೋಡಿ ಕನ್ನಡಕ ತೆಗೆದಿಟ್ಟರು. “ಇದು ಮೊದಲೇ ಇತ್ತಾ?”

“ಇತ್ತು ಸರ್. ನಾವೇ ಅಳಿಸಿದ್ವಿ.”

ಅವರು ಪಾಪ, ಎರಡನೇ ಮಾತಾಡದೆ ಹೊಸ ರಿಪೋರ್ಟ್ ಬರೆದರು. ಮೂರು ತಿಂಗಳಿಗೆ ಮತ್ತೆ ನೋಡುವುದು, ಬೆಳೆದಿದ್ದರೆ ತೆಗೆದುಹಾಕುವುದು, ಇಷ್ಟು ಚಿಕ್ಕದಿರುವಾಗಲೇ ಸಿಕ್ಕಿದ್ದು ಪುಣ್ಯ ಎಂದರು. ಸಾಹೇಬರು ಸುತ್ತೋಲೆ ಮೀರಿದ್ದಕ್ಕೆ ಅವಳಿಂದ ವಿವರಣೆ ಕೇಳಿದರು. ಅದೇ ದಿನ ಗುಂಡಿಯನ್ನು ಸದ್ದಿಲ್ಲದೆ ಹಿಂದಕ್ಕೆ ಎಳೆಸಿ, ಅದಕ್ಕೆ ‘ಗುಣಮಟ್ಟ ಸುಧಾರಣೆ’ ಎಂದು ಹೆಸರಿಟ್ಟರು. ಹಿಂದೆ ಬಂದುಹೋದ ರೋಗಿಗಳಿಗೆ ಸುದ್ದಿ ಮುಟ್ಟಿಸುವ ಅಗತ್ಯವಿಲ್ಲ, ಸುಮ್ಮನೆ ಜನರನ್ನು ಗಾಬರಿಪಡಿಸುವುದೇಕೆ ಎಂದೂ ಅಪ್ಪಣೆ ಮಾಡಿದರು. ಎಂಥ ಕರುಣೆ!

ಮನೆಯಲ್ಲಿ ಮಾವ ಎಲ್ಲವನ್ನೂ ಕೇಳಿಸಿಕೊಂಡರು. ಹೆದರಿದ್ದರು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಕೇಳಿದ್ದು ಬೇರೆಯೇ.

“ನನಗೆ ನೀನಿದ್ದೆ, ನನ್ನದು ಸಿಕ್ತು. ಈ ಎರಡು ತಿಂಗಳಲ್ಲಿ ಬಂದೋರಲ್ಲಿ ಸೊಸೆ ಇಲ್ಲದೋರು ಏನಮ್ಮ ಮಾಡ್ಬೇಕು?”

ಈ ಮೂರು ದಿನದವರನ್ನು ಬಿಟ್ಟರೆ ಉಳಿದವರೆಲ್ಲರ ನೆರಳುಗಳೂ ಎಂದೋ ಅಳಿಸಿಹೋಗಿದ್ದವು. ಮತ್ತೆ ಸ್ಕ್ಯಾನ್ ತೆಗೆಯುವುದೊಂದೇ ದಾರಿ.

ಮರುದಿನ ಅವಳು ರಿಜಿಸ್ಟರ್ ತೆರೆದು, ಎದೆಯ ಸ್ಕ್ಯಾನಿಗೆ ಬಂದವರ ಹೆಸರುಗಳಿಗೆಲ್ಲ ಗುರುತು ಹಾಕಿದಳು. ಇನ್ನೂರಕ್ಕೂ ಹೆಚ್ಚಿದ್ದವು. ಇದರಿಂದ ಕೆಲಸ ಹೋಗುತ್ತದೆಂದು ಗೊತ್ತಿದ್ದೇ ಮೊದಲನೆಯ ನಂಬರ್ ಒತ್ತಿದಳು. ಆ ಕಡೆ ಒಬ್ಬ ಹೆಂಗಸು ಎತ್ತಿದಳು.

“ಆಸ್ಪತ್ರೆಯಿಂದ, ಸ್ಕ್ಯಾನ್ ತೆಗೆದೋಳು ಮಾತಾಡ್ತಿದೀನಿ. ನಿಮ್ಮ ಯಜಮಾನ್ರ ಸ್ಕ್ಯಾನ್ ಬಗ್ಗೆ ಮಾತಾಡ್ಬೇಕಿತ್ತು.”

“ಅಯ್ಯೋ, ನೀವೇನಾ? ನಿಮಗೆ ಪುಣ್ಯ ಬರ್ಲಿ. ಏನೂ ಇಲ್ಲ ಅಂತ ರಿಪೋರ್ಟ್ ಬಂದಿದ್ದೇ ಬಂದಿದ್ದು, ಅವ್ರು ನೆಮ್ಮದಿಯಾಗಿ ಡಾಕ್ಟರ ಹತ್ರ ಹೋಗೋದನ್ನೇ ಬಿಟ್ಟಿದಾರೆ,” ಎಂದಳು ಆಕೆ. ಆಮೇಲೆ ದನಿ ತಗ್ಗಿಸಿದಳು. “ಕೆಮ್ಮಿದಾಗ ಒಂಚೂರು ರಕ್ತ ಬರುತ್ತೆ, ಅಷ್ಟೇ. ಅದಕ್ಕೇನಾದ್ರೂ ಮಾತ್ರೆ ಇದ್ಯಾ?”