ಮನೋಹರನ ಕಣ್ಣು

ಇನ್ನೊಬ್ಬನ ಎದೆಯೊಳಗಿನದನ್ನು ಹೇಳಹೊರಟದ್ದು ಉದ್ಧಟತನವೇ, ಕ್ಷಮಿಸಬೇಕು, ಸರಿಯಾಗಿ ಹೇಳಲು ಬಂದೀತೆಂಬ ಧೈರ್ಯವೂ ಇಲ್ಲ — ಉಪ್ಪು, ಒಣಮೆಣಸಿನಕಾಯಿ ಹಿಡಿದ ಅವ್ವನ ಮುಷ್ಟಿ ಪಂಪೇಶನ ನೆತ್ತಿಯ ಸುತ್ತ ತಿರುಗುತ್ತಿದೆ, ಬಳೆ ಸದ್ದು ಕಿವಿಯ ಹತ್ತಿರ ಬಂದು ದೂರವಾಗಿ ಮತ್ತೆ ಬರುತ್ತದೆ, ಡ್ಯಾಂ ಕ್ವಾರ್ಟರ್ಸಿನ ಹೊಸ್ತಿಲಲ್ಲಿ ಕೂತು ಕಾಲು ಜೋಮು ಹಿಡಿದಿದೆ, ದುಡಿಯುವ ಗಂಡಸು ಕೂಸಿನ ಹಾಗೆ, ಆದರೂ ಬೇಡವೆನ್ನಲಾಗಲಿಲ್ಲ, ನನ್ನ ಮಗಗ ಭಾಳ ದೃಷ್ಟಿ ಆಗೇತಿ ಅಂದಳು, ನಿದ್ದೆ ಹೋಗಿ ತಿಂಗಳುಗಳಾದವು, ಎದೆಯ ಮೇಲೆ ಯಾರೋ ಮೊಣಕಾಲೂರಿದಂತೆ, ಹೊಸಪೇಟೆಯ ಡಾಕ್ಟರು ಇಸಿಜಿ ನೋಡಿ ಏನೂ ಇಲ್ಲಲ್ಲೋ ತಮ್ಮಾ, ಗ್ಯಾಸು, ಲಗ್ನ ಮಾಡ್ಕೊ ಎಲ್ಲಾ ಸರಿಹೋಗ್ತತಿ ಅಂದು ನಕ್ಕರು, ಅವನೂ ನಕ್ಕ, ನಗುವಾಗ ಕೈ ಬಾಯಿಗೆ ಹೋಗದಂತೆ ತಡೆದ — ದಿನವಿಡೀ ಅದೇ ಕೆಲಸ, ಬೈಕ್ ಶೋರೂಮಿನಲ್ಲಿ ಕೈ ಹೇಗೆ ಆಡುತ್ತಿದೆ, ದನಿ ತೆಳುವಾಯಿತೇ, ಸ್ಕೂಟರ್ ನೋಡಲು ಬಂದ ಹುಡುಗಿಯನ್ನು ಸಾಕಷ್ಟು ಹೊತ್ತು ನೋಡಿದೆನೇ, ಏನಲೇ ಪಂಪ, ಮೆಕ್ಯಾನಿಕ್ ವೀರೇಶ ಕೂಗುತ್ತಾನೆ, ಆಕಿಗೆ ಬರೇ ಮೈಲೇಜ್ ಹೇಳಿ ಕಳಿಸಿದ್ಯಲ್ಲ, ಹಂಪಿಗೆ ಹೋಗಿ ಕಾವಿ ಉಟ್ಕೊಂಡು ಕುಂದ್ರಲೇ, ಎಲ್ಲರೂ ನಗುತ್ತಾರೆ, ಕೆಟ್ಟವರಲ್ಲ, ಊಟದ ಡಬ್ಬಿ ಹಂಚಿಕೊಳ್ಳುವವರು, ಇವನ ಮನಸ್ಸು ಹೋಗುವುದು ಗಂಡಿನ ಕಡೆಗೆ ಎಂದು ಗೊತ್ತಾದರೆ ಹಂಚಿಕೊಂಡಾರೇ — ಅವ್ವ ಕಣ್ಣುಗಳನ್ನು ಒಂದೊಂದಾಗಿ ಕರೆಯುತ್ತಿದ್ದಾಳೆ, ನನ್ನ ಕಣ್ಣು, ನಿಮ್ಮಪ್ಪನ ಕಣ್ಣು, ನಳದ ಹತ್ರ ಕುಂದ್ರೋರ ಕಣ್ಣು, ಬಸ್ಸಿನಾಗಿನೋರ ಕಣ್ಣು, ಆ ಕಂಪ್ಲಿ ಮನೋಹರನ ಕಣ್ಣು —

ಮುಷ್ಟಿ ತುಟಿಯ ಮುಂದೆ ನಿಂತಿತು. ಉಗುಳು ಯಪ್ಪಾ, ಮೂರು ಸಲ. ಮನೋಹರನ ಕಣ್ಣು ಯಾಕೆ, ಹೋದ ಭಾನುವಾರ ಬಂದಿದ್ದ, ಅಕ್ಕಿ ಗಿರಣಿಯ ತೌಡು ತಲೆಗೂದಲಲ್ಲಿತ್ತು, ಮಂಡಕ್ಕಿ ತಿನ್ನುತ್ತ ತಟ್ಟೆ ನೋಡದೆ ಇವನನ್ನೇ ನೋಡಿದ, ಮಿರ್ಚಿ ತಂದ ಅವ್ವ ಬಾಗಿಲಲ್ಲಿ ತುಸು ನಿಂತಳಲ್ಲ, ಏನು ಕಂಡಳು, ಬುಕ್ಕಸಾಗರದ ಗದ್ದೆ ಬದಿಗೆ ಬೈಕ್ ನಿಲ್ಲಿಸಿ ಅದೇ ಕಣ್ಣು ನೋಡುವಾಗ ಎದೆಯ ಮೇಲಿನ ಮೊಣಕಾಲು ಎದ್ದುಹೋಗುತ್ತದೆ, ಲೋಕದಲ್ಲಿ ಅದೊಂದು ಕಣ್ಣಿನ ಮುಂದೆ ಅವನು ತನ್ನ ಕೈಗಳನ್ನು ಕಾಯುವುದಿಲ್ಲ, ಅದರ ಮೇಲೆ ಉಗುಳುವುದೇ, ಬರೀ ಉಪ್ಪು ಇದು, ಉಗುಳಿದರೆ ಮುಗಿಯಿತು, ಉಗುಳದಿದ್ದರೆ ಯಾಕೆ ಎಂದು ಕೇಳುತ್ತಾಳೆ, ಆ ಯಾಕೆಗೆ ಇವನಲ್ಲಿ ಇರುವುದು ಒಂದೇ ಉತ್ತರ — ಜಲ್ದಿ, ಇದನ್ನ ಹಾಕೋದ್ರಾಗ ನೀರೊಲಿ ಕೆಂಡ ಆರ್ತತಿ — ಬಾಯಿ ತುಂಬ ಎಂಜಲು, ನುಂಗಿಬಿಟ್ಟ. ಅವ್ವ ನೋಡಿದಳು. ಯಾಕೆ ಅನ್ನಲಿಲ್ಲ. ಒಳಗೆ ಟಿವಿ ಮುಂದಿದ್ದ ಅಪ್ಪನಿಗೆ ಕೇಳಿಸದಷ್ಟು ದನಿ ಇಳಿಸಿ, ಆತನ್ನ ಬಿಟ್ಟು ಇನ್ನೊಮ್ಮಿ ನೀವಾಳಿಸ್ಲೇನು ಅಂದಳು — ಅವಳಿಗೆ ಎಷ್ಟು ಗೊತ್ತು, ಗೊತ್ತಿದ್ದೇ ಆ ಹೆಸರು ಹಿಡಿದಳೋ, ಗೆಳೆಯನಲ್ಲವೇ ಎಂದಷ್ಟೇ ಬಿಡುತ್ತಿದ್ದಾಳೋ, ಹೂಂ ಅಂದರೆ ಏನನ್ನು ಒಪ್ಪಿಕೊಂಡಂತೆ, ಗೊತ್ತಿಲ್ಲ, ಏನೂ ಗೊತ್ತಿಲ್ಲ, ತುಟಿಯ ಮುಂದೆ ಮುಷ್ಟಿ, ಬೆರಳ ಸಂದಿಯಿಂದ ಉದುರುವ ಉಪ್ಪು, ಮುಷ್ಟಿ —