ಕತ್ತಿ ಬದಲಿಸಿದ ಕುಸಾಕಾ

ಜಠರದ ಕ್ಯಾನ್ಸರ್ ಮೊದಮೊದಲು ನೋಯುವುದಿಲ್ಲ. ನೋವು ಬರಲಿ, ಆಮೇಲೆ ನೋಡೋಣ ಎಂದು ಕುಳಿತವರ ಚಿತಾಭಸ್ಮವನ್ನು ಅಕಿತಾ ಸೀಮೆಯ ನಾವು ಬೇಕಾದಷ್ಟು ಹೊತ್ತಿದ್ದೇವೆ.

ನೋಯುವ ಮುನ್ನ ಪತ್ತೆಯಾದ ಗಂಟನ್ನು, ಬಾಯಿಯಿಂದ ಇಳಿಸಿದ ಕೊಳವೆಯ ತುದಿಗತ್ತಿಯಿಂದ ಸುಲಿದು ತೆಗೆಯುವವರು ಡಾಕ್ಟರ್ ಕುಸಾಕಾ ತೊಮೊಯೆ. ನಡೆಯುವಾಗಲೂ, ಮೀನಂಗಡಿಯ ಸಾಲಿನಲ್ಲಿ ನಿಂತಾಗಲೂ ಅವರ ಎಡಗೈ ಹೆಬ್ಬೆರಳು ಆಡುತ್ತಲೇ ಇರುತ್ತದೆ; ಕೊಳವೆಯನ್ನು ಬಾಗಿಸುವ ಚಕ್ರ ತಿರುಗಿಸಿ ತಿರುಗಿಸಿ ಅಂಟಿದ ಚಾಳಿ. ಮೊಣಕೈ ಸವೆದ ಬೂದು ಉಣ್ಣೆಯಂಗಿಯಲ್ಲಿ, ಒಂದು ಹೆಗಲು ವಾಲಿಸಿಕೊಂಡು ಅವರು ಬರುತ್ತಿದ್ದರೆ, ನಮಗೆ ಕಾಣದ ಸುರಂಗವೊಂದರಲ್ಲಿ ದಾರಿ ಅರಸುತ್ತಿರುವಂತೆ ತೋರುತ್ತದೆ. ಯಾರು ಏನೇ ಹೇಳಲಿ, "ಯಾವ ಜಾಗದಲ್ಲಿ?" ಎಂದು ಕೇಳುವುದು ಇನ್ನೊಂದು ಚಾಳಿ. ಹಿಮ ಬೀಳ್ತಿದೆ ಎಂದರೂ ಅದೇ ಪ್ರಶ್ನೆ!

ಅವರ ಆಸ್ಪತ್ರೆಯಲ್ಲಿ ಎರಡು ಕತ್ತಿಗಳ ಹೋಲಿಕೆ ನಡೆದಿತ್ತು. ಒಂದರ ತುದಿಗೆ ಪುಟ್ಟ ಪಿಂಗಾಣಿ ಮಣಿ. ಜಠರದ ಗೋಡೆ ತೂತಾಗದಂತೆ ಕಾಯುತ್ತ, ಅಲಗಿನಿಂದ ಎಳೆದು ಕೊಯ್ಯುತ್ತದೆ. ಇನ್ನೊಂದು ಬರಿಯ ಸೂಜಿಮೊನೆ. ಬಹು ಸೂಕ್ಷ್ಮ, ಆದರೆ ತುಸು ಅಲುಗಿದರೂ ಗೋಡೆಯನ್ನೇ ದಾಟುತ್ತದೆ. ಯಾರಿಗೆ ಯಾವುದೆಂದು, ರೋಗಿಗಳ ಒಪ್ಪಿಗೆ ಪಡೆದು, ಚೀಟಿ ಎತ್ತುತ್ತಿದ್ದರು. ಅಪಾಯವೆನಿಸಿದರೆ ಬದಲಿಸಬಹುದೆಂದು ನಿಯಮವೇನೋ ಇತ್ತು. ನಿಯಮಕ್ಕಿಂತ ದೊಡ್ಡದು ಅಲ್ಲಿನ ಸಂಪ್ರದಾಯ: ಹಿಡಿದ ಕತ್ತಿಯಲ್ಲೇ ಮುಗಿಸದ ಕೈ ಕೈಯೇ ಅಲ್ಲ. ಅಹಂಕಾರಕ್ಕೆ ಬಿಳಿ ಕೋಟು ತೊಡಿಸಿ ಕೌಶಲವೆಂದು ಕರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಬಂದರಿನ ಬಳಿ ನೂಡಲ್ ಅಂಗಡಿ ನಡೆಸುವ ಸಾತೊಯೆ ಅಜ್ಜಿಗೆ ಗಂಟು ಸಿಕ್ಕಿದ್ದು ಜಠರದ ಮೇಲ್ತಿರುವಿನಲ್ಲಿ.

"ಡಾಕ್ಟ್ರಮ್ಮಾ, ಹೊಟ್ಟೇನೇ ತೆಗೆದ್ಬಿಟ್ರೆ ನನ್ನ ಸಾರಿನ ರುಚಿ ನೋಡೋರ್ಯಾರು? ನನ್ ಸೊಸೇನಾ? ಅವಳ ನಾಲಿಗೆಗೆ ಸಮುದ್ರದ ನೀರೂ ಸಪ್ಪೆ!"

"ಗಂಟು ತೆಗೀತೀನಿ. ಹೊಟ್ಟೆ ಉಳಿಸೋಕೆ ನೋಡ್ತೀನಿ."

"ಮಾತು ಕೊಟ್ರಾ?"

"ಮಾತು ಕೊಡಲ್ಲ ಅಜ್ಜಿ. ನೋಡ್ತೀನಿ ಅಂದೆ."

ಚೀಟಿಯಲ್ಲಿ ಸೂಜಿಗತ್ತಿ ಬಂತು. ಪತ್ರಿಕೆಗೆ ಬರೆಯುವ ನಾನೂ ಅಜ್ಜಿಯ ಅನುಮತಿ ಪಡೆದು, ಹೊಟ್ಟೆಯೊಳಗನ್ನು ತೋರಿಸುವ ಪರದೆಯೆದುರು ಕುಳಿತಿದ್ದೆ. ಗಂಟಿನ ಅಡಿಗೆ ದ್ರವ ತುಂಬಿ, ಉಬ್ಬಿಸಿ, ಕುಸಾಕಾ ಅಂಚಿನಿಂದ ಕೊಯ್ಯುತ್ತ ಹೋದರು. ತಿರುವಿಗೆ ಬಂದಾಗ ಅಜ್ಜಿಯ ಒಂದೊಂದು ಉಸಿರಿಗೂ ಗೋಡೆ ಸೂಜಿಯ ಮೇಲೇ ಏರಿ ಬರತೊಡಗಿತು. ತೂತು ಬಿದ್ದರೆ ಹೊಟ್ಟೆಯನ್ನೇ ಕೊಯ್ಯಬೇಕಾದೀತು. ಕುಸಾಕಾರ ಹೆಬ್ಬೆರಳು ನಿಂತಿತು.

"ಮಣಿಗತ್ತಿ ಕೊಡಿ."

ಹಿಂದೆ ನಿಂತಿದ್ದ ವಿಭಾಗದ ಮುಖ್ಯಸ್ಥ ಇವಾಬುಚಿ ನಕ್ಕರು. "ಇನ್ನೊಂದ್ ಚೂರು ತಾನೇ ಇರೋದು? ಏನಮ್ಮ, ಕೈ ಸೋತ್ಹೋಯ್ತಾ?"

"ಸೋತ್ಹೋಯ್ತು ಅಂತ್ಲೇ ಬರ್ಕೊಳ್ಳಿ ಸಾರ್. ಕತ್ತಿ ಕೊಡಿ."

ಗಂಟು ಇಡಿಯಾಗಿ ಬಂತು. ಹೊಟ್ಟೆ ಉಳಿಯಿತು.

ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಫಲಿತಾಂಶ ಸಿದ್ಧಪಡಿಸುವ ಸಭೆಯಲ್ಲಿ ಇವಾಬುಚಿ ಈ ಪ್ರಕರಣವನ್ನು ಕೈಬಿಡೋಣವೆಂದರಂತೆ. ಎರಡೂ ಕತ್ತಿ ಬಳಸಿದ್ದರಿಂದ ಹೋಲಿಕೆ ಕೆಡುತ್ತದಂತೆ. ಅಲ್ಲಿದ್ದ ನರ್ಸ್ ಹೇಳಿದ್ದು: ಎಂದೂ ದನಿಯೆತ್ತದ ಕುಸಾಕಾ ಎದ್ದು ನಿಂತರು.

"ಕೆಡ್ಲಿ ಸಾರ್. ಆ ಜಾಗದಲ್ಲಿ ಸೂಜಿ ಕೈಕೊಡ್ತು. ನಮಗೆ ತಿಳಿದಿದ್ದೇ ಅದು. ಅದನ್ನೇ ಮುಚ್ಚಿಟ್ರೆ, ನಮ್ಮ ಬರಹ ನಂಬಿದೋರು ಇನ್ಯಾರದೋ ಹೊಟ್ಟೆ ತೂತು ಮಾಡ್ತಾರೆ."

ಪ್ರಕರಣ ಸೇರಿತು. ಸೂಜಿಗತ್ತಿಯ ಸೋಲಾಗಿಯೇ ಸೇರಿತು. ಸಮ್ಮೇಳನದಲ್ಲಿ ಅದನ್ನು ಮಂಡಿಸುವ ಗೌರವ ಮಾತ್ರ ಬೇರೊಬ್ಬರ ಪಾಲಾಯಿತು. ಕುಸಾಕಾ ಆ ದಿನವೂ ಯಾರದೋ ಜಠರದೊಳಗೆ ದಾರಿ ಹುಡುಕುತ್ತಿದ್ದರು.

ಇಂಥವರು ಯಾವ ಕತ್ತಿಯ ಭಕ್ತರೂ ಅಲ್ಲ, ತಮ್ಮ ಕೈಯ ಭಕ್ತರಂತೂ ಅಲ್ಲವೇ ಅಲ್ಲ. ಎದುರಿಗೆ ಮಲಗಿದ ದೇಹ ಹೇಳಿದ್ದನ್ನು ಕೇಳಿ, ತಮ್ಮ ಹೆಸರಿಗೆ ಮಸಿ ತಗುಲಿದರೂ ಅದನ್ನು ಹಾಗೆಯೇ ಲೋಕಕ್ಕೆ ಒಪ್ಪಿಸುವ ಈ ಜಾತಿಯ ಜನ ವಿರಳ. ಕೇಳುವವರಿಲ್ಲದಿದ್ದರೆ ಇನ್ನೂ ವಿರಳವಾಗುತ್ತಾರೆ. ಆದ್ದರಿಂದ ನೀವು ಕೇಳಿ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ರುಜು ಹಾಕುವ ಮುನ್ನ ವೈದ್ಯರ ಮುಖ ನೋಡಿ ಕೇಳಿ: "ಅರ್ಧದಲ್ಲಿ ಕತ್ತಿ ಬದಲಿಸಬೇಕಾಗಿ ಬಂದರೆ ಬದಲಿಸುತ್ತೀರಾ? ಬದಲಿಸಿದೆನೆಂದು ಹೇಳುತ್ತೀರಾ?" ಎರಡಕ್ಕೂ ಹೌದೆನ್ನುವವರೆಗೆ ಲೇಖನಿ ಮುಟ್ಟಬೇಡಿ.